ಯಜಮಾನಿಯ ಮೊಮ್ಮಗಳು

ಜುಲೈ 14, ಭಾನುವಾರ

ಎರಡು ವರ್ಷದಿಂದ ಮುಚ್ಚಿಟ್ಟದ್ದನ್ನು ಈ ಡೈರಿಯಲ್ಲಾದರೂ ಬರೆಯುತ್ತೇನೆ. ನಾನು ಲವೆಯಾನ್ ಕೇರಿಯ ಈ ಬಾಟಿಕ್ ಬಟ್ಟೆ ವರ್ತಕರ ಮನೆಯವಳಲ್ಲ. ಇದರ ಹಿತ್ತಿಲಲ್ಲಿ ಕೂತು ಬಟ್ಟೆಯ ಮೇಲೆ ಮೇಣದಲ್ಲಿ ಚಿತ್ತಾರ ಬರೆಯುವ ನ್ಗಾತಿಯೆಮ್ ಅಜ್ಜಿಯ ಮೊಮ್ಮಗಳು. ಯಜಮಾನರ ಮನೆತನ ಜಕಾರ್ತ ಸೇರಿದೆ. ಹಳೆಯ ಮನೆ ನೋಡಲು ಬರುವ ಪ್ರವಾಸಿಗರಿಗೆ ತೋರಿಸಲು ವಂಶದ ಕುಡಿಯೊಂದು ಬೇಕೆಂದು, ಮನೆ ನಡೆಸುವ ಮ್ಯಾನೇಜರ್ ನನಗೆ ಯಜಮಾನಿಯರು ತೊಡುವ ರೇಷ್ಮೆಯ ಉದ್ದ ರವಿಕೆ, ಕೆಬಾಯಾ ತೊಡಿಸಿದ. ಮಾಡದ ಕಳ್ಳತನ ಒಪ್ಪಿಕೊಳ್ಳಲಾರೆ ಎಂದು ಶಾಲೆ ಬಿಟ್ಟವಳು ನಾನು. ಆದರೂ ಈ ಸುಳ್ಳು ವೇಷ ತೊಟ್ಟೆ.

ಇವತ್ತಿನ ಗುಂಪಿನಲ್ಲಿ ಇದೇ ಕೇರಿಯಲ್ಲಿ ಬೆಳೆದ ಮುದುಕಿಯೊಬ್ಬರಿದ್ದರು. ನಾನು ಮೇಣದ ಲೇಖನಿಯನ್ನು ತೋರಿಸುತ್ತಾ, ಕಟ್ಟಿಕೊಂಡ ಮೇಣ ಬಿಡಿಸಲು ಅಜ್ಜಿಯಂತೆಯೇ ಅದರ ಮೂತಿ ಊದಿಬಿಟ್ಟೆ.

"ಈ ಮನೆ ಯಜಮಾನ್ತೀರು ಬಟ್ಟೆ ಮಾರ್ತಿದ್ರು ಕಣೇ, ಮೇಣ ಊದ್ತಿರ್ಲಿಲ್ಲ. ನಿಜ ಹೇಳು, ನೀನು ಯಾರ ಮೊಮ್ಮಗಳು?" ಎಂದರು ಆ ಮುದುಕಿ.

ಅಜ್ಜಿ ಎರಡು ಮಾರು ದೂರದಲ್ಲಿ ಮೇಣ ಕರಗಿಸುವ ಒಲೆಯ ಮುಂದೆ ಕೂತಿದ್ದಳು. "ಯಜಮಾನಿಯ ಮೊಮ್ಮಗಳು" ಎಂದೆ.

ಮುದುಕಿ ಅಜ್ಜಿಯತ್ತ ತಿರುಗಿದರು.

"ಹೌದಮ್ಮಾ, ಚಿಕ್ಕ ಯಜಮಾನ್ತಿಯೋರು. ನಾನೇ ಎತ್ತಿ ಆಡ್ಸಿದ್ದು" ಎಂದಳು ಅಜ್ಜಿ, ತಲೆಯೆತ್ತದೆ.

ಸಂಜೆ ನಮ್ಮ ಮನೆಯಲ್ಲಿ ಅಜ್ಜಿ ಅನ್ನ, ಹುರಿದ ಸೋಯಾ ತೆಂಪೆ ಬಡಿಸಿ, "ಚಿಕ್ಕ ಯಜಮಾನ್ತಿಯೋರು ಚಾಪೆ ಮೇಲೆ ಕೂರ್ತೀರಾ?" ಎಂದು ನಕ್ಕಳು. ಬೈದಿದ್ದರೆ ಕಾಲು ಹಿಡಿಯುತ್ತಿದ್ದೆ. ಬೈಯಲೇ ಇಲ್ಲ.

ನಾಳೆ ನಿಜ ಹೇಳಿದರೆ ಅಜ್ಜಿ ಸುಳ್ಳುಗಾತಿಯಾಗುತ್ತಾಳೆ, ಅವಳ ಕೆಲಸವೂ ಹೋಗುತ್ತದೆ. ಹೇಳದಿದ್ದರೆ ದಿನಾ ಅವಳ ಕಣ್ಣೆದುರೇ ನಾನು ಅವಳವಳಲ್ಲ ಎನ್ನಬೇಕು. ಮೂರನೆಯ ದಾರಿ ಹುಡುಕಿ ಹುಡುಕಿ ಸಾಕಾಗಿದೆ.

ಕೆಬಾಯಾ ಮಡಚಿಟ್ಟಿದ್ದೇನೆ. ಅಜ್ಜಿ ನಿದ್ದೆಯಲ್ಲೂ ಕೆಮ್ಮುತ್ತಿದ್ದಾಳೆ. ಬೆಳಗ್ಗೆ ಐದೂವರೆಯ ರೈಲಿಗೆ ಒಬ್ಬಳೇ ಸುರಬಾಯಾ ನಗರಕ್ಕೆ ಹೋಗುತ್ತಿದ್ದೇನೆ; ಅಲ್ಲಿ ನಾನು ಯಾರ ಮೊಮ್ಮಗಳೆಂದು ಯಾರೂ ಕೇಳುವುದಿಲ್ಲ.