ಪಿಯಾನೊಗೆ ಕಾಲಿಟ್ಟೆ

ತಾತ, ಜರ್ಮನಿಯಿಂದ ಮಂಗಳಗೌರಿಯ ನಮಸ್ಕಾರ. ಬೇಗೂರಿನಲ್ಲಿ ಎಲ್ಲರೂ ಚೆನ್ನಾಗಿದ್ದೀರಿ ತಾನೆ?

ನಾನು ಕೆಲಸ ಕಲಿಯುವ ಕಾರ್ಖಾನೆಯಲ್ಲಿ ಒಂದು ಪಿಯಾನೊ ಮುಗಿಯಲು ವರ್ಷವೇ ಹಿಡಿಯುತ್ತದೆ. ಹೆಸರಾಂತ ವಾದಕರೂ ಕಾದಿದ್ದು ಕೊಳ್ಳುತ್ತಾರೆ. ಒಂದು ಸ್ವರ ಹಿಡಿಸದಿದ್ದರೂ ಯಜಮಾನರು ಅದರ ಮೇಲೆ ತಮ್ಮ ಹೆಸರು ಹಾಕಿಸುವುದಿಲ್ಲ. ನಿನ್ನೆ ಒಂದು ಪಿಯಾನೊದ ಪೆಡಲುಗಳನ್ನು ನಾನೇ ಕೂರಿಸಿದೆ. ತುಳಿದು ನೋಡು ಎಂದರು ಯಜಮಾನರು. ಸರಸ್ವತಿಗೆ ಕಾಲು ತಾಗಿಸುವುದು ಹೇಗೆ? ಮಂಡಿಯೂರಿ ಕೈಯಲ್ಲಿ ಒತ್ತಿದೆ. "ನುಡಿಸುವವರು ಕಾಲಲ್ಲೇ ಒತ್ತುವುದು. ಕಾಲಿಡಲು ಅಂಜುವವರಿಗೆ ಇಲ್ಲಿ ಕೆಲಸವಿಲ್ಲ" ಎಂದು ರೇಗಿದರು.

ನಾಟಕದ ತಾಲೀಮಿನಲ್ಲಿ ನೀನು ನನ್ನನ್ನು ಕಾಲು ಹಾರ್ಮೋನಿಯಂ ಮುಂದೆ ಕೂರಿಸಿ, "ಮೊದ್ಲು ಕೈ ಮುಗಿ, ಆಮೇಲೆ ತುಳಿ ಕಣಮ್ಮಿ" ಎಂದದ್ದು ನೆನಪಾಯಿತು. ಶೂ ಬಿಚ್ಚಿದೆ, ಕೈ ಮುಗಿದೆ, ತುಳಿದೆ. ಯಜಮಾನರು ಕಣ್ಣು ಮುಚ್ಚಿ ಕೇಳಿ, "ಬಲಗಡೆಯದು ಕಿರುಗುಟ್ಟುತ್ತಿದೆ, ಬಿಚ್ಚು" ಎಂದರು. ಬಿಚ್ಚಿದ್ದೇನೆ. ಅದು ಬಾಯಿ ಮುಚ್ಚುವ ತನಕ ಬಿಡುವುದಿಲ್ಲ.

ಚಳಿಗೆ ಹಿಮ್ಮಡಿ ಒಡೆದಿದೆ, ಹರಳೆಣ್ಣೆ ಹಚ್ಚುತ್ತಿದ್ದೇನೆ. ಕಾರ್ಡಿನಲ್ಲಿ ಜಾಗ ಮುಗಿಯಿತು. ನಿನ್ನ ಹಾರ್ಮೋನಿಯಂ ಅನ್ನು ಸುನೀಲಣ್ಣ ಗುಜರಿಗೆ ಹಾಕುತ್ತಾನಂತೆ. ಹಾಕಕೂಡದು ಎಂದು ಹೇಳು. ಅದರ ಹರಿದ ತಿದಿಯನ್ನು ನಾನು ಬಂದು ಕಟ್ಟುತ್ತೇನೆ, ನೀನು ತುಳಿದು ನೋಡಬೇಕು.

ಮಂಗಳಗೌರಿ