ಅಜ್ಜಿ ಹೇಳಬೇಕಾಗಿದ್ದ ಮಾತು

ಮಹಡಿಯ ಕೋಣೆಯಿಂದ,
ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ನಿನ್ನ ಮಂಡಿ ನೋವು ಹೇಗಿದೆ? ಎಣ್ಣೆ ತಿಕ್ಕಿಕೊಂಡು ಸುಮ್ಮನಾಗಬೇಡ, ಡಾಕ್ಟರಿಗೆ ತೋರಿಸು. ಭಾವನವರಿಗೆ ಸಕ್ಕರೆ ಕಡಿಮೆ ಮಾಡಿ ಎಂದರೆ ಚಮಚ ಚಿಕ್ಕದು ಮಾಡಿಕೊಂಡು ಕಾಫಿ ಎರಡು ಸಲ ಹೆಚ್ಚು ಕುಡಿಯುತ್ತಾರಂತೆ. ಅವರ ಜಾಣತನ ನನಗೆ ಗೊತ್ತಿಲ್ಲದ್ದೇ? ನನ್ನ ಕೂಸು ಬಟಾಣಿಯ ಕೆಮ್ಮು ನಿಂತಿತೇ? ಔಷಧಿಗೆ ಹಟ ಮಾಡಿದರೆ ಗದರಬೇಡ, ಮೊದಲು ಗೊಂಬೆಗೆ ಕುಡಿಸಿದ ಹಾಗೆ ಮಾಡು, ಆಮೇಲೆ ತಾನೇ ಬಾಯಿ ತೆರೆಯುತ್ತಾಳೆ. ನನ್ನ ಆರೋಗ್ಯಕ್ಕೇನೂ ತೊಂದರೆಯಿಲ್ಲ. ವೀಸಾ ಕೂಡ ಆಯಿತು. ಇನ್ನೆರಡು ವರ್ಷ ನನ್ನನ್ನು ಇಲ್ಲಿಂದ ಯಾರೂ ಏಳಿಸುವಂತಿಲ್ಲ. ಸಿಹಿ ಹಂಚಲು ಹೋಗಬೇಡ, ಮೊದಲು ಪೂರ್ತಿ ಓದು. ಫೋನಿನಲ್ಲಿ ಹೇಳುವಂಥದ್ದಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ನೋಡಿಕೊಳ್ಳುವ ಅಜ್ಜಿಗೆ ಮರೆವಿನ ಕಾಯಿಲೆ ಎಂದು ನಿನಗೆ ಗೊತ್ತು. ನಾನು ಬಂದ ಹೊಸತರಲ್ಲಿ ಅವರಿಗೆ ನನ್ನನ್ನು ಕಂಡರೆ ಆಗುತ್ತಿರಲಿಲ್ಲ. ಊಟ ಕೊಟ್ಟರೆ ತುಟಿ ಬಿಗಿಯುತ್ತಿದ್ದರು, ಸ್ನಾನಕ್ಕೆ ಕರೆದರೆ ಮಂಚದ ಕಾಲು ಹಿಡಿದು ಕೂರುತ್ತಿದ್ದರು. ಒಂದು ಬೆಳಿಗ್ಗೆ ಚಳಿ ತಡೆಯಲಾರದೆ ನನ್ನ ಕೋಣೆಯ ಬಾಗಿಲ ಹಿಂದೆ ತೂಗುಹಾಕಿದ್ದ ಹಸಿರು ಸ್ವೆಟರ್ ಹಾಕಿಕೊಂಡು ಕೆಳಗೆ ಹೋದೆ. ಅಜ್ಜಿ ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, "ಬಂದ್ಯಾ ಮಗಳೇ? ಎಷ್ಟ್ ಹೊತ್ತು ಮಾಡ್ದೆ" ಎಂದರು. ಆ ಸ್ವೆಟರ್ ಅವರ ಮಗಳದು. ಅವಳು ಕಾಯಿಲೆಯಿಂದ ತೀರಿಹೋಗಿ ಬಹಳ ವರ್ಷವಾಗಿತ್ತು. ಆವತ್ತು ಅಜ್ಜಿ ತಟ್ಟೆ ಖಾಲಿ ಮಾಡಿದರು. ಅವರ ಮಗ ಬೇರೆ ಊರಿನಲ್ಲಿದ್ದಾರೆ, ಶನಿವಾರ ಬಂದು ಭಾನುವಾರ ಹೋಗುವವರು. ನಾನು ಇದನ್ನು ಹೇಳಿದಾಗ, "ಹಾಗೇ ಇರ್ಲಿ ಬಿಡಿ. ಊಟ ಮಾಡ್ತಾರಲ್ಲ, ಅಷ್ಟು ಸಾಕು" ಎಂದುಬಿಟ್ಟರು. ಅಂದಿನಿಂದ ಅದೇ ಈ ಮನೆಯ ಪದ್ಧತಿಯಾಯಿತು. ಅವಳ ಲೋಟದಲ್ಲಿ ಕುಡಿದೆ, ಅವಳ ಕುರ್ಚಿಯಲ್ಲಿ ಕೂತೆ, "ಮಗಳೇ" ಎಂದರೆ ತಿರುಗಿದೆ. ಈ ಕೋಣೆಯೂ ಅವಳದೇ ಅಕ್ಕಾ. ಕನ್ನಡಿಯ ಮುಂದೆ ತಲೆ ಬಾಚುವಾಗ ನನ್ನ ಹಿಂದೆ ಯಾರೋ ತಮ್ಮ ಸರದಿಗೆ ಕಾಯುತ್ತಿದ್ದಾರೆ ಎನ್ನಿಸುತ್ತಿತ್ತು. ಬೇಗ ಬೇಗ ಬಾಚಿ ಬಾಚಣಿಗೆ ಕೆಳಗಿಡುತ್ತಿದ್ದೆ. ನಗಬೇಡ.

ವೀಸಾ ಮುಗಿಯುವ ಹೊತ್ತಿಗೆ ರಜೆ ಹಾಕಿ ಬಂದ ಮಗನೂ ನಾನೂ ಅಜ್ಜಿಯನ್ನು ಕರೆದುಕೊಂಡು ವೀಸಾ ಕಚೇರಿಗೆ ಹೋದೆವು. ಮನೆಗೆಲಸದವರ ವೀಸಾಕ್ಕೆ ಇಲ್ಲೊಂದು ನಿಯಮವಿದೆ. ಯಾರ ಆರೈಕೆಗೆಂದು ಬಂದಿದ್ದೇವೋ ಅವರೇ ಬಂದು, ಇವಳು ನಮ್ಮ ಕೆಲಸದವಳು, ನನಗೆ ಬೇಕು ಎಂದು ತಮ್ಮ ಬಾಯಾರೆ ಹೇಳಬೇಕು. ಗಾಜಿನಾಚೆ ಕೂತಿದ್ದ ಕನ್ನಡಕದ ಅಧಿಕಾರಿ ಒಳ್ಳೆಯ ಹೆಂಗಸೇ. ನನ್ನನ್ನು ತೋರಿಸಿ, "ಇವರು ನಿಮಗೆ ಏನಾಗ್ಬೇಕು?" ಎಂದು ನಿಧಾನವಾಗಿ ಕೇಳಿದಳು. ಅಜ್ಜಿ ನಕ್ಕರು. "ಇದೇನ್ ಕೇಳ್ತೀಯಮ್ಮ, ನನ್ನ ಮಗಳು." ಮನೆಯಲ್ಲಿ ಕೆಲಸಕ್ಕೆ ಯಾರಿದ್ದಾರೆ ಎಂದು ಕೇಳಿದ್ದಕ್ಕೆ, "ಮಗಳಿರುವಾಗ ಕೆಲಸದವರು ಯಾಕೆ?" ಅಲ್ಲಿಗೆ ಮುಗಿಯಿತು. ಅಧಿಕಾರಿ ಪೆನ್ನು ಕೆಳಗಿಟ್ಟಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅಜ್ಜಿಯ ಪರವಾಗಿ ಮಗ ಮಾತಾಡಬೇಕೆಂದರೆ ಕೋರ್ಟಿನ ಅಪ್ಪಣೆ ತರಬೇಕು, ಅದಕ್ಕೆ ತಿಂಗಳುಗಟ್ಟಲೆ ಆಗುತ್ತದೆ. ನನ್ನ ವೀಸಾ ಅಷ್ಟು ದಿನ ಕಾಯುವುದಿಲ್ಲ. ಕನಿಕರಪಟ್ಟು ಇನ್ನೊಂದೇ ಒಂದು ಸಲ ಬರಲು ದಿನ ಗೊತ್ತುಮಾಡಿದಳು.

ಬರುವ ದಾರಿಯಲ್ಲಿ ಮಗ, "ಅಮ್ಮನಿಗೆ ನಿಜ ಹೇಳ್ಬಿಡಿ. ದಿನಾ ಹೇಳಿ. ನಾಲಿಗೆಗೆ ಕೂತ್ಬಿಡುತ್ತೆ" ಎಂದರು. ಅವರಿಗೆ ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಹೇಳಿದರು, ತಮ್ಮ ಊರಿಗೆ ಹೊರಟುಹೋದರು. ನಾನೇನು ಮಾಡಲಿ? ಬಟಾಣಿಯ ಅಪ್ಪ ಇದ್ದಿದ್ದರೆ ನಾನು ಈ ಹೊಸ್ತಿಲು ತುಳಿಯುತ್ತಲೇ ಇರಲಿಲ್ಲ. ಬರಿಗೈಯಲ್ಲಿ ಬಂದು ನಿನ್ನ ಮನೆಯ ಮೂಲೆಯಲ್ಲಿ ಕೂತರೆ ಅವಳ ಓದೇನಾಗಬೇಕು?

ಸ್ವೆಟರ್ ಬಿಚ್ಚಿಟ್ಟು, ಬೆಳಗಿನ ಚಹಾ ಆದ ಮೇಲೆ ಅಜ್ಜಿಯ ಎದುರು ಕೂತೆ. ಕೈ ಹಿಡಿದು ಹೇಳಿದೆ. "ನಾನು ನಿಮ್ಮ ಮಗಳಲ್ಲ ಅಜ್ಜಿ, ಕೆಲಸದವಳು. ನಿಮ್ಮ ಮಗಳು ತೀರ್ಕೊಂಡಿದ್ದಾಳೆ." ಅವರು ಕೈ ಬಿಡಿಸಿಕೊಂಡು, "ಯಾವಾಗ? ನಂಗ್ಯಾಕೆ ಯಾರೂ ಹೇಳ್ಲಿಲ್ಲ?" ಎಂದರು. ಆಮೇಲೆ ಅತ್ತ ಅಳು ನೀನು ಕೇಳಿಲ್ಲ, ಕೇಳುವುದೂ ಬೇಡ. ಊಟದ ಹೊತ್ತಿಗೆ ಮರೆತಿದ್ದರು, "ಮಗಳೇ, ಉಪ್ಪು ಕೊಡು" ಎಂದರು. ಮರುದಿನ ಮತ್ತೆ ಹೇಳಿದೆ. ಮತ್ತೆ ಅದೇ ಪ್ರಶ್ನೆ, ಅದೇ ಅಳು, ಈಗಷ್ಟೇ ಸುದ್ದಿ ಬಂದ ಹಾಗೆ. ಒಂದು ದಿನ ಪೆಟ್ಟಿಗೆಯಿಂದ ಒಳ್ಳೆಯ ಬಟ್ಟೆ ತೆಗೆದು ಉಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದರು. "ನಾನ್ ಹೋಗೋದ್ರೊಳಗೆ ಮಣ್ಣು ಮಾಡ್ಬಿಟ್ಟಾರು. ಬಸ್ಸು ಎಷ್ಟು ಹೊತ್ತಿಗೆ?" ಎಂದು ಕೇಳಿದರು. ಹೆತ್ತವಳು ಒಬ್ಬ ಮಗಳನ್ನು ಎಷ್ಟು ಸಲ ಕಳೆದುಕೊಳ್ಳಬೇಕು, ಅಕ್ಕಾ? ಕಾಯಿಲೆ ಅವಳನ್ನು ಒಂದೇ ಸಲ ಕೊಂದಿತ್ತು, ಆಮೇಲಿನದೆಲ್ಲ ನಾನೇ. ಆ ದಿನಗಳಲ್ಲಿ ಕನ್ನಡಿಗೆ ಟವೆಲ್ ಮುಚ್ಚಿಟ್ಟಿದ್ದೆ. ತಲೆಯನ್ನು ಅಂದಾಜಿನ ಮೇಲೆ ಬಾಚಿಕೊಳ್ಳುತ್ತಿದ್ದೆ.

ಎರಡನೆಯ ಸಲ ಕಚೇರಿಯಲ್ಲಿ ಅಜ್ಜಿ ತಡವರಿಸಲಿಲ್ಲ. "ಇವಳು ನಮ್ಮನೆ ಕೆಲಸದವಳು" ಎಂದರು. ನಿಮಗೆ ಇವರು ಬೇಕಾ ಎಂದು ಕೇಳಿದ್ದಕ್ಕೆ, "ಬೇಕು. ನಂಗೆ ಮಗಳಿಲ್ಲ" ಎಂದರು. ಅಧಿಕಾರಿ ಮುದ್ರೆ ಒತ್ತಿದಳು. ಮಗ ನನ್ನ ಕೈ ಕುಲುಕಿದರು. ನನಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ.

ಈಗ ಅಜ್ಜಿಗೆ ನಾನು ಹೇಳಿದ್ದೊಂದೂ ನೆನಪಿಲ್ಲ. ಹೇಳಿದ ಮುಖ ಮಾತ್ರ ನೆನಪಿದೆ. ನಾನು ತಟ್ಟೆ ಹಿಡಿದು ಹತ್ತಿರ ಹೋದರೆ ಕೈ ಅಡ್ಡ ಹಿಡಿದು, "ಬೇಡ, ಹೇಳ್ಬೇಡ" ಎನ್ನುತ್ತಾರೆ. ಏನು ಹೇಳಬಾರದು ಎಂದು ಅವರಿಗೂ ಗೊತ್ತಿಲ್ಲ. ಆಸೆಯಿಂದ ಮತ್ತೆ ಹಸಿರು ಸ್ವೆಟರ್ ಹಾಕಿಕೊಂಡು ಹೋದೆ, "ಅವಳದನ್ನ ನಿಂಗೆ ಯಾರು ಕೊಟ್ರು? ಬಿಚ್ಚಿಡು" ಎಂದರು. ದಿನವಿಡೀ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು ಮಗಳು ಬಂದಳಾ ಎಂದು ಕೇಳುತ್ತಾರೆ. ಇನ್ನೂ ಇಲ್ಲ, ಬರುತ್ತಾಳೆ ಎಂದರೆ ಎರಡು ತುತ್ತು ತಿನ್ನುತ್ತಾರೆ. ಹಾಗೆ ಹೇಳಿ ಹೇಳಿ ನನಗೂ ಕಿವಿ ಬಾಗಿಲ ಕಡೆಗೇ ಇರುತ್ತದೆ. ನಿನ್ನೆ ಗೇಟಿನ ಸದ್ದಾಯಿತು. ನಾವಿಬ್ಬರೂ ಒಟ್ಟಿಗೆ ಎದ್ದು ನಿಂತೆವು. ಬಂದದ್ದು ಮಗ.

ಭಾವನವರಿಗೆ ನಮಸ್ಕಾರ ಹೇಳು. ಬಟಾಣಿಯ ಎರಡೂ ಕೆನ್ನೆಗೆ ನನ್ನ ಮುತ್ತು. ನಿನ್ನ ಕಾಲಿಗೆ ಇಲ್ಲಿಂದಲೇ ಬೀಳುತ್ತೇನೆ, ಮಂಡಿ ಮುಟ್ಟದ ಹಾಗೆ.

ನಿನ್ನ ತಂಗಿ

ತಾ.ಕ.: ಅಜ್ಜಿಯ ಮಗ ಹೊರಟು ನಿಂತಿದ್ದಾರೆ, ಕಾಗದ ಅವರ ಕೈಯಲ್ಲೇ ಅಂಚೆಗೆ ಹಾಕಿಸಬೇಕು. ಬಟಾಣಿ ನಿನ್ನನ್ನು ಅಮ್ಮ ಎನ್ನಲು ಶುರುಮಾಡಿದ್ದಾಳೆ, ದಿನಾ ನನ್ನ ಫೋಟೋ ತೋರಿಸಿ ತಿದ್ದುತ್ತಿದ್ದೀಯ, ತಿದ್ದಿದರೆ ಅಳುತ್ತಾಳೆ ಎಂದು ನೀನು ಹಿಂದಿನ ಕಾಗದದಲ್ಲಿ ಬರೆದಿದ್ದೆ. ಮುಂದೆ ಓದಲಾರದೆ ಆ ಕಾಗದ ಮಡಚಿಟ್ಟಿದ್ದೆ, ಈಗಲೂ ಬಿಡಿಸಿಲ್ಲ. ಆದರೂ ತಿದ್ದಬೇಡ ಅಕ್ಕಾ. ಅವಳು ಅಮ್ಮ ಎಂದರೆ ಓ ಎನ್ನು.