ಜೇವರ್ಗಿ ಜೈತುನಬಿಯ ಉಡಿ

ಕರಜಗಿ
ಶುಕ್ರವಾರ, 2-8-1991

ತೀರ್ಥರೂಪ ಅವ್ವನಿಗೆ ನಿನ್ನ ಗೌರಾಳ ಶರಣು.

ಇಲ್ಲಿ ಎಲ್ಲ ಕ್ಷೇಮ ಎಂದು ಬರೆದರೆ ಅರ್ಧ ಸುಳ್ಳಾದೀತು. ಮಕ್ಕಳಿಬ್ಬರೂ ಆರಾಮ, ಎಮ್ಮೆ ಆರಾಮ, ತೊಗರಿ ಗೇಣುದ್ದ ಎದ್ದಿದೆ. ನಿನ್ನ ಅಳಿಯ ಮೈಯಿಂದ ಆರಾಮ, ಬಾಯಿಂದ ಇಲ್ಲ. ಹನ್ನೊಂದು ದಿನದಿಂದ ನನ್ನ ಸಂಗಡ ಮಾತಿಲ್ಲ. ಚಹಾ ಬೇಕಾದರೆ ಬಟ್ಟಲು ಕುಟ್ಟುತ್ತಾರೆ.

ಮೊನ್ನೆ ಬಂದ ಪತ್ರ ನಿನ್ನ ಹೆಸರಿನದು, ಅಕ್ಷರ ನಿನ್ನ ಮಗ ದೌಲತಣ್ಣನದು. ನಿನಗೆ ಓದು ಬರಹ ಬಾರದು. ನೀನು ಹೇಳಿದ್ದನ್ನು ಅವನು ಬರೆಯುತ್ತಾನೆ, ನಾನು ಬರೆದದ್ದನ್ನು ಅವನೇ ನಿನಗೆ ಓದಿ ಹೇಳುತ್ತಾನೆ, ನನ್ನ ಮದುವೆಯಾದಾಗಿನಿಂದ ಹೀಗೇ ನಡೆದಿದೆ. ಆದರೆ ಅವ್ವ, ‘ಮನೆತನದ ಮರ್ಯಾದೆಗೆ ಕುಂದು’ ಎಂಬ ಮಾತನ್ನು ನಿನ್ನ ಬಾಯಲ್ಲಿ ನಾನು ಹುಟ್ಟಿದಾಗಿನಿಂದ ಕೇಳಿಲ್ಲ. ನೀನಾಗಿದ್ದರೆ ‘ಏನ್ ಮಾಡ್ಕೊಂಡಿ ಬೇ ಗೌರಾ’ ಎಂದು ಕೇಳಿ, ಉತ್ತರ ಬರುವ ತನಕ ಸುಮ್ಮನೆ ಕೂತಿರುತ್ತಿದ್ದೆ. ಪತ್ರದಲ್ಲಿ ಯಾರೂ ಏನನ್ನೂ ಕೇಳಿಲ್ಲ, ಹುಕುಂ ಮಾತ್ರ ಇದೆ. ಓಣಿಯ ಹೆಣ್ಣುಮಕ್ಕಳೆದುರು ಅತ್ತೆಯ ಕಾಲಿಗೆ ಬಿದ್ದು ‘ತಪ್ಪಾತು’ ಅನ್ನಬೇಕಂತೆ. ಅಂದರೆ ಪಂಚಮಿಗೆ ಅಣ್ಣ ಕರೆಯಲು ಬರುತ್ತಾನಂತೆ. ಅನ್ನದಿದ್ದರೆ ಈ ವರ್ಷ ತವರಿಲ್ಲ, ಮುಂದಿನದು ಮುಂದೆ ನೋಡೋಣ ಅಂತೆ.

ಅಣ್ಣಾ, ಇಲ್ಲಿಂದ ಮುಂದೆ ಒಂದು ಸಾಲನ್ನೂ ಬಿಡದೆ ಓದು. ಕೆಮ್ಮು ಬಂದರೆ ನೀರು ಕುಡಿದು ಮತ್ತೆ ಓದು. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಅನ್ನುವುದಿಲ್ಲ.

ಅವ್ವ, ಇಷ್ಟಕ್ಕೆಲ್ಲ ಕಾರಣವಾದ ಆ ವಿಡಿಯೋದಲ್ಲಿ ಏನಿತ್ತು ಎಂದು ನಿಮ್ಮೂರು ಹಿರೋಳ್ಳಿಗೆ ಬಂದ ಸುದ್ದಿಗೆ ಕೈಕಾಲು ಮೂಡಿರುತ್ತವೆ, ಅದಕ್ಕೇ ನೋಡಿದವಳ ಬಾಯಿಂದ ಕೇಳು. ಜೇವರ್ಗಿ ಜೈತುನಬಿ ಎಂದರೆ ನನಗೆ ಎಷ್ಟು ಜೀವವೆಂದು ನಿನಗೆ ಗೊತ್ತು. ಮದುವೆಯಾದ ಹೊಸತರಲ್ಲಿ ಈ ಮನೆಯಲ್ಲಿ ನನ್ನ ಕಡೆ ಮುಖ ಮಾಡಿ ಮಾತಾಡುವವರು ಇರಲಿಲ್ಲ. ಎದುರಿನ ಪಾನಶಾಪಿನ ಟೇಪಿನಿಂದ ಆಕೆಯ ದನಿ ಬರುತ್ತಿತ್ತು. ಬೀಸುವ ಕಲ್ಲಿನ ಹಾಡನ್ನು ಡ್ರಮ್ಮು, ಕೀಬೋರ್ಡು ಸೇರಿಸಿ ಹಾಡುತ್ತಿದ್ದಳಲ್ಲ, ಅದನ್ನು ಕೇಳಿದರೆ ಯಾರೋ ಹೆಸರು ಹಿಡಿದು ಕರೆದು ‘ಉಂಡಿ ಏನವ್ವಾ’ ಎಂದು ಕೇಳಿದಂತೆ ಆಗುತ್ತಿತ್ತು. ಈಗ ನನ್ನ ಹತ್ತಿರ ಆಕೆಯ ಒಂಬತ್ತು ಕ್ಯಾಸೆಟ್ಟುಗಳಿವೆ. ಒಂದರ ರೀಲು ಎಷ್ಟು ಸಲ ಸಿಕ್ಕಿಕೊಂಡಿತೋ, ಪೆನ್ಸಿಲ್ ಹಾಕಿ ತಿರುಗಿಸಿ ತಿರುಗಿಸಿ ನನ್ನ ಬೆರಳಿಗೆ ಗಂಟು ಬಂದಿದೆ.

ಆಕೆ ಊರೂರಿಗೆ ಹೋಗಿ ಹಾಡಿದ ಕಾರ್ಯಕ್ರಮಗಳ ಬೆನ್ನು ಹತ್ತಿ ಮುಂಬೈಯ ಕಂಪನಿಯೊಂದು ವಿಡಿಯೋ ತೆಗೆದಿತ್ತು. ಅದು ಅಫಜಲಪುರಕ್ಕೆ ಬಂತು, ಅಲ್ಲಿಂದ ಕರಜಗಿಗೂ ಬಂತು. ಸೋಮವಾರ, ಎತ್ತಿಗೆ ನೊಗವಿಲ್ಲದ ದಿನ. ಮಧ್ಯಾಹ್ನ ಸಾಲಿಯ ಕೋಣೆಯ ಕಿಟಕಿಗಳಿಗೆ ಕಂಬಳಿ ಕಟ್ಟಿ, ಮೇಜಿನ ಮೇಲೆ ಟಿ.ವಿ. ಇಟ್ಟರು. ಆ ಕಡೆ ಗಂಡಸರು, ಈ ಕಡೆ ನಾವು. ಅತ್ತೆಯನ್ನು ನಾನೇ ಬಲವಂತ ಮಾಡಿ ಕರೆದೊಯ್ದೆ, ನೋಡು ನನ್ನ ಹಣೆಬರಹ.

ಮೊದಲ ಅರ್ಧ ತಾಸು ನಾನು ಈ ಲೋಕದಲ್ಲೇ ಇರಲಿಲ್ಲ. ಜೈತುನಬಿ ತನ್ನ ಮನೆಯಲ್ಲಿ ರೊಟ್ಟಿ ಬಡಿಯುತ್ತಾಳೆ, ಅವ್ವ! ನಿನ್ನ ಹಾಗೆಯೇ ಎಡಗೈಯಿಂದ ತಿರುಗಿಸುತ್ತಾಳೆ. ಬಸಿಯಲ್ಲಿ ಚಹಾ ಸುರಿದು ಸೊರ್ ಎಂದು ಹೀರುತ್ತಾಳೆ. ಡ್ರಮ್ಮಿನವನು ತಡವಾಗಿ ಬಂದದ್ದಕ್ಕೆ ‘ನಿನ್ನ ಲಗ್ನಕ್ಕಾದ್ರೂ ಟೈಮಿಗೆ ಹೋಗಿದ್ಯೋ ಇಲ್ಲೋ ಲೇ’ ಎಂದು ಬೈಯುತ್ತಾಳೆ. ವೇದಿಕೆ ಹತ್ತುವ ಮುಂಚೆ ಬಗ್ಗಿ ಹಲಗೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾಳೆ. ಅದನ್ನೆಲ್ಲ ನೋಡುತ್ತ ನನಗೆ ಅಳು ಬಂತು. ಹನ್ನೊಂದು ವರ್ಷ ಟೇಪಿನ ದನಿಯಾಗಿದ್ದವಳು ನಮ್ಮ ನಿಮ್ಮಂಥ ಮನೆಯ ಹೆಣ್ಣುಮಗಳಾಗಿ ಎದುರಿಗೆ ಬಂದಿದ್ದಳು.

ಆದರೆ ಅಭಿಮಾನಿಯೆಂದ ಮಾತ್ರಕ್ಕೆ ಎಲ್ಲದಕ್ಕೂ ತಲೆದೂಗುವವಳು ನಾನಲ್ಲ. ನಡುನಡುವೆ ಒಬ್ಬ ಗಂಡಸಿನ ದನಿ ಬರುತ್ತದೆ, ಪುಸ್ತಕದ ಕನ್ನಡ. ಆಕೆ ಸುಮ್ಮನೆ ಕೂತಿದ್ದರೆ ‘ವಿರಹ’ ಅನ್ನುತ್ತಾನೆ, ನಕ್ಕರೆ ‘ನೋವಿನ ನಗು’ ಅನ್ನುತ್ತಾನೆ. ಗಂಡ ಸತ್ತವಳು ಚಹಾ ಕುಡಿದರೂ ಅವನಿಗೆ ಅದರಲ್ಲಿ ದುಃಖವೇ ಕಾಣುತ್ತದೆ. ಹಾಡುಗಳನ್ನು ಅರ್ಧಕ್ಕೇ ಕತ್ತರಿಸಿ ಕಾರು ತೋರಿಸುತ್ತಾನೆ. ಯಾರಿಗೆ ಬೇಕಿತ್ತು ಆ ಕಾರು?

ಆಮೇಲೆ ಆಳಂದದ ಕಾರ್ಯಕ್ರಮ ಬಂತು. ಜನ, ಲೈಟು, ಜೈತುನಬಿಯ ನೀಲಿ ಸೀರೆ. ಇದ್ದಕ್ಕಿದ್ದಂತೆ ಹಸಿರು ಸೀರೆಯ ಹೆಣ್ಣುಮಗಳೊಬ್ಬಳು ಜನರನ್ನು ತಳ್ಳಿಕೊಂಡು ವೇದಿಕೆ ಹತ್ತುತ್ತಾಳೆ. ತಲೆ ಮೇಲಿನ ಸೆರಗು ಜಾರಿದೆ. ಗಂಟು ಬಿಚ್ಚಿ ಜೈತುನಬಿಯ ಸೆರಗಿನಲ್ಲಿ ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಶಿಣ ಬೇರು, ಖಣ ಹಾಕಿ ಉಡಿ ತುಂಬುತ್ತಾಳೆ. ಆ ಗಂಡಸಿನ ದನಿ, ‘ಹುಚ್ಚು ಅಭಿಮಾನಕ್ಕೆ ಎಲ್ಲೆಯುಂಟೆ?’ ಅನ್ನುತ್ತದೆ. ಕೋಣೆಯಲ್ಲಿ ಯಾರೋ ‘ಯಾರ ಬೇ ಅಕಿ ಹಸರ ಸೀರಿಯಾಕಿ?’ ಅಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಸೆರಗನ್ನು ಮೂಗಿನ ತನಕ ಎಳೆದುಕೊಂಡೆ. ಅಷ್ಟು ಸಾಕಾಯಿತು. ‘ಅಯ್ಯೋ, ಗೌರಾಬಾಯಿ!’ ಎಂದು ಕೋಣೆಗೆ ಕೋಣೆಯೇ ತಿರುಗಿತು. ಟಿ.ವಿ. ತಂದವನು ಟೇಪನ್ನು ಹಿಂದಕ್ಕೆ ತಿರುಗಿಸಿ ಮತ್ತೆ ತೋರಿಸಿದ. ನಿನ್ನ ಅಳಿಯ ಎದ್ದು ಹೊರಗೆ ಹೋದರು. ಮೂರನೆಯ ಸಲ ‘ಮತ್ತೊಮ್ಮಿ ತೋರ್ಸಪಾ’ ಅಂದವರು ಯಾರು ಗೊತ್ತೇನು? ನಮ್ಮ ಅತ್ತೆ ಗುರುಶಾಂತಮ್ಮನವರು.

ಮನೆಗೆ ಬಂದ ಮೇಲೆ ಅವರು ಓಣಿಗೆಲ್ಲ ಕೇಳುವಂತೆ ಅಂದರು: ‘ಮಾನ ಮೂರಾಬಟ್ಟಿ ಮಾಡಿದಿ ಬೇ! ತವರ ಮನ್ಯಾಗ ತುಂಬಿದ ಉಡಿ ಅತ್ತಿ ಮನಿಗಿ ತರಬೇಕು. ನೀ ಹಾದಿ ಮ್ಯಾಲ, ಅದೂ ಗಂಡ ಇಲ್ಲದಾಕಿಗಿ ಸುರುವಿ ಬಂದಿ. ನಿನ್ನ ಗಂಡಗ ಏನರ ಆದ್ರ?’ ನಾನು ಆ ಮಾತಿಗೆ ಎದುರು ಆಡಲಿಲ್ಲ.

ಈಗ ನನ್ನ ತಪ್ಪನ್ನು ಹೇಳುತ್ತೇನೆ. ತಪ್ಪೇ ಇಲ್ಲ ಎಂದು ನಾನು ಅನ್ನುವುದಿಲ್ಲ. ಫೆಬ್ರುವರಿಯಲ್ಲಿ ಅಣ್ಣನ ಮಗನ ತೊಟ್ಟಿಲಿಗೆ ಹಿರೋಳ್ಳಿಗೆ ಬಂದಿದ್ದೆನಲ್ಲ, ಮಕ್ಕಳಿಗೆ ಸಾಲಿ ಇತ್ತೆಂದು ಒಬ್ಬಳೇ. ನೀನು ಅಂದೆಲ್ಲ ಒಲೆ ಮುಂದೆ ಹೋಳಿಗೆ ಬೇಯಿಸುತ್ತಿದ್ದೆ. ಪಡಸಾಲೆಗೆ ಬರಲೇ ಇಲ್ಲ. ಮರುದಿನ ವಾಪಸಾಗುವಾಗ ಆಳಂದದ ಬಸ್‌ಸ್ಟ್ಯಾಂಡಿನಲ್ಲಿ ಜೈತುನಬಿಯ ದೊಡ್ಡ ಪೋಸ್ಟರು ಕಂಡಿತು. ಅಂದೇ ಸಂಜೆ ಕಾರ್ಯಕ್ರಮ. ನನ್ನ ಜೊತೆ ನಾಲ್ಕನೆಯ ಇಯತ್ತೆ ತನಕ ಕಲಿತ ಖುರ್ಷಿದ ಆಳಂದದಲ್ಲೇ ಇದ್ದಾಳಲ್ಲ, ಅವಳ ಮನೆಗೆ ಹೋಗಿ ಅವಳನ್ನೂ ಹೊರಡಿಸಿದೆ. ರಾತ್ರಿ ಅವಳಲ್ಲೇ ಉಳಿದು ಬೆಳಿಗ್ಗೆ ಬಂದೆ. ಮನೆಯಲ್ಲಿ ಬಸ್ಸು ತಪ್ಪಿತು ಎಂದೆ. ಅದು ಸುಳ್ಳು. ಅದಕ್ಕೆ ನಿನ್ನ ಅಳಿಯನ ಮುಂದೆ ಕೈ ಮುಗಿದು ತಪ್ಪಾತು ಅಂದಿದ್ದೇನೆ, ಯಾರೂ ಹೇಳದೆ ನಾನಾಗಿಯೇ ಅಂದಿದ್ದೇನೆ. ಅವರು ನನ್ನ ಟೇಪಿನ ಸೆಲ್ಲುಗಳನ್ನು ತೆಗೆದು ಜೇಬಿಗೆ ಹಾಕಿಕೊಂಡು ಹೊಲಕ್ಕೆ ಹೋದರು. ಗಂಡಸಿನ ಸಿಟ್ಟು ನೋಡು, ನಾಲ್ಕು ಸೆಲ್ಲಿನದು!

ಸುಳ್ಳಿಗೆ ತಪ್ಪಾತು ಅಂದಾಯಿತು. ಉಡಿಗೆ ಅನ್ನುವುದಿಲ್ಲ. ಯಾಕೆಂದರೆ ಆ ವಿಡಿಯೋ ತೆಗೆದವನು ಏನನ್ನು ಕತ್ತರಿಸಿ ಎಸೆದನೋ ಅದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಕಾರ್ಯಕ್ರಮ ನಡೆಸಿದವರ ಮನೆಯ ಹೆಣ್ಣುಮಕ್ಕಳು ವೇದಿಕೆಗೆ ತಟ್ಟೆ ಹಿಡಿದು ಬಂದರು. ಅಲ್ಲಿ ಕೂತ ದೊಡ್ಡವರ ಹೆಂಡಂದಿರಿಗೆ ಒಬ್ಬೊಬ್ಬರಿಗೇ ಉಡಿ ತುಂಬುತ್ತ ಬಂದರು. ಕೊನೆಗೆ ಜೈತುನಬಿ. ಎರಡು ತಾಸು ಹಾಡಿ ಗಂಟಲು ಹರಿದುಕೊಂಡವಳು. ಬರುವ ತಟ್ಟೆ ನೋಡಿ, ಪಾಪ, ತಾನೇ ಸೆರಗು ಮುಂದೆ ಹಿಡಿದಳು. ಒಬ್ಬ ಮುದುಕಿ ತಟ್ಟೆಯವಳ ಕಿವಿಯಲ್ಲಿ ಏನೋ ಅಂದಳು. ತಟ್ಟೆ ನಿಂತಿತು, ತಿರುಗಿತು, ಹೋಯಿತು. ಒಬ್ಬ ಗಂಡಸು ಬಂದು ಶಾಲು ಹೊದಿಸಿದ. ಜೈತುನಬಿ ಹಿಡಿದ ಸೆರಗನ್ನು ಬಿಟ್ಟು, ಅದರಲ್ಲೇ ಬೆವರು ಒರೆಸಿಕೊಂಡಳು, ಅದಕ್ಕೇ ಎತ್ತಿದ್ದೆ ಎನ್ನುವ ಹಾಗೆ.

ಅವ್ವ, ಆ ಒರೆಸಿಕೊಂಡದ್ದನ್ನು ನೋಡಿ ನಾನು ಗಂಟು ಹಿಡಿದು ಎದ್ದೆ. ಮುಂದಿನದು ನನಗೆ ಸರಿಯಾಗಿ ನೆನಪಿಲ್ಲ. ಖುರ್ಷಿದ ‘ಕೂಡ ಬೇ, ಎಲ್ಲಿ ಹೊಂಟಿ’ ಎಂದು ಕೈ ಹಿಡಿದಳಂತೆ. ನಾನು ಮೇಲೆ ಹೋಗಿ ಗಂಟು ಬಿಚ್ಚಿದಾಗ ಜೈತುನಬಿ ಹತ್ತಿರ ಬಂದು ಮೆಲ್ಲಗೆ ಕೇಳಿದಳು: ‘ನಂಗ ಗಂಡ ಇಲ್ಲವ್ವಾ. ಗೊತ್ತೈತೇನ್ ನಿನಗ?’

ನಾನು ಅಂದೆ: ‘ಗೊತ್ತೈತ್ರಿ. ಉಡಿ ನಿಮ್ಮದೈತ್ರಿ, ಗಂಡಂದಲ್ಲ.’

ಆಕೆ ನಕ್ಕಳು. ಸೆರಗು ಹಿಡಿದಳು. ಐದು ಹಿಡಿ ಅಕ್ಕಿ ಹಾಕಿದೆ. ಆ ಮಾತಿನ ಮೇಲೆ ವಿಡಿಯೋ ತೆಗೆದವನು ಬಾಜಾ ಬಾರಿಸಿದ್ದಾನೆ, ಹಾಗಾಗಿ ಕರಜಗಿಯಲ್ಲಿ ಯಾರಿಗೂ ಅದು ಕೇಳಿಸಲಿಲ್ಲ. ತಟ್ಟೆ ತಿರುಗಿ ಹೋದದ್ದು ಯಾರಿಗೂ ಕಾಣಲಿಲ್ಲ. ಕಂಡದ್ದು ಸೆರಗು ಜಾರಿದ ಒಬ್ಬ ಹುಚ್ಚಿ ಅಷ್ಟೇ.

ಅಣ್ಣಾ, ಓದುವುದನ್ನು ನಿಲ್ಲಿಸಿ ಒಂದು ಕೇಳು. ನಮ್ಮದು ಬಸವಣ್ಣನವರ ಹೆಸರು ಹೇಳಿ ಉಣ್ಣುವ ಮನೆ. ನಮಗೆ ಸೂತಕವಿಲ್ಲ, ಕೊರಳಲ್ಲಿ ಲಿಂಗ ಇದ್ದವರೆಲ್ಲ ಒಂದೇ ಎಂದು ನೀನು ಮಠದಲ್ಲಿ ಮೈಕು ಹಿಡಿದು ಹೇಳುತ್ತೀ. ಗಂಡ ಸತ್ತವಳ ಲಿಂಗವೇನು ಗಂಡನ ಜೊತೆಯಲ್ಲೇ ಹೋಗುತ್ತದೆಯೇ? ಉತ್ತರ ಇದ್ದರೆ ಬರೆ, ಇಲ್ಲದಿದ್ದರೆ ಮೈಕು ಇಳಿಸು. ಹಾಂ, ಇನ್ನು ಮುಂದೆ ಓದು.

ಮೊನ್ನೆ ಬುಧವಾರ ಮಜ್ಜಿಗೆ ಕಡೆಯುವಾಗ ಅತ್ತೆ ಬಂದು ಕಂಬಕ್ಕೆ ಒರಗಿ ಕೂತರು. ಮಾವ ತೀರಿ ಹದಿನಾಲ್ಕು ವರ್ಷ ಆಯಿತು, ನಿನಗೆ ಗೊತ್ತು. ಬೈಯಲು ಬಂದಿದ್ದಾರೆ ಎಂದುಕೊಂಡೆ. ಎತ್ತಲೋ ನೋಡುತ್ತ ಕೇಳಿದರು: ‘ಅಕಿ ಅತ್ತಳೇನ? ವಿಡಿಯೋದಾಗ ಮಾರಿ ಕಾಣ್ಲಿಲ್ಲ.’ ಅಳಲಿಲ್ಲರೀ, ನಕ್ಕಳು ಎಂದೆ. ‘ಹ್ಞೂಂ’ ಎಂದು ಎದ್ದು ಹೋದರು. ಸಂಜೆ ಓಣಿಯವರು ಬಂದು, ಸೊಸೆಯಿಂದ ಯಾವಾಗ ತಪ್ಪು ಒಪ್ಪಿಸುತ್ತೀರಿ ಎಂದು ಕೇಳಿದಾಗ, ‘ನನ್ನ ಸೊಸಿ, ನಾ ನೋಡ್ಕೋತೀನಿ, ನಿಮ್ಮ ಎಮ್ಮಿ ಕರಾ ಹಗ್ಗ ಬಿಚ್ಕೊಂಡೈತಿ ನೋಡ್ರಿ ಮೊದ್ಲ’ ಎಂದು ಕಳಿಸಿದರು. ನನ್ನ ಹತ್ತಿರ ಮಾತ್ರ ಮುಖ ಇನ್ನೂ ಗಂಟಿಕ್ಕಿಕೊಂಡೇ ಇದ್ದಾರೆ.

ಹಾಗಾಗಿ ಅವ್ವ, ತಪ್ಪಾತು ಅಂದರೆ ನಾಲಗೆ ಸವೆಯುವುದಿಲ್ಲ ಎಂದು ಪತ್ರದಲ್ಲಿ ಬರೆದಿದೆಯಲ್ಲ, ನಿಜ, ಸವೆಯುವುದಿಲ್ಲ. ಆದರೆ ನಾನು ಹಾಗೆ ಅಂದರೆ ಜೈತುನಬಿಯ ಸೆರಗಿನಿಂದ ಆ ಐದು ಹಿಡಿ ಅಕ್ಕಿಯನ್ನು ನಾನೇ ಮತ್ತೆ ಬಾಚಿಕೊಂಡಂತೆ. ಅದು ನನ್ನಿಂದ ಆಗದು. ತವರು ತಪ್ಪಿದರೂ ಆಗದು. ಅಣ್ಣ ಪಂಚಮಿಗೆ ಬರದಿದ್ದರೆ ನಾನು ಅಳುತ್ತೇನೆ, ಸುಳ್ಳು ಯಾಕೆ ಹೇಳಲಿ. ಬೇವಿನ ಮರದ ಜೋಕಾಲಿ ಕಣ್ಣಿಗೆ ಕಟ್ಟುತ್ತದೆ. ಆದರೂ ಅಳುತ್ತಲೇ ಇರುತ್ತೇನೆ ಹೊರತು ಅನ್ನುವುದಿಲ್ಲ.

ಸಣ್ಣವನಿಗೆ ಮುದ್ದು ಕೊಡು, ಅವನ ತಾಯಿ ವೈನಿಗೆ ನೆನಸಿದ್ದೇನೆಂದು ಹೇಳು. ನಿನ್ನ ಮೊಣಕಾಲಿಗೆ ಎಣ್ಣೆ ತಿಕ್ಕುವುದನ್ನು ಬಿಡಬೇಡ.

ತಗ್ಗದ, ಬಗ್ಗದ, ನಿನ್ನ ಹೊಟ್ಟೆಯಲ್ಲೇ ಹುಟ್ಟಿದ,
ಗೌರಾ

ತಾ.ಕ.: ಅವ್ವ, ಮೇಲೆ ಒಂದು ಮಾತನ್ನು ಬೇಕೆಂದೇ ಮುಚ್ಚಿಟ್ಟೆ. ಜೈತುನಬಿಗೆ ತುಂಬಿದ್ದು ನೀವು ನನಗೆ ತುಂಬಿದ ಉಡಿಯಲ್ಲ. ಅದು ನೆಟ್ಟಗೆ ಕರಜಗಿಗೆ ಬಂತು, ಅದರ ಅಕ್ಕಿಯ ಹುಗ್ಗಿಯನ್ನು ಅತ್ತೆಯೇ ಉಂಡಿದ್ದಾರೆ. ಈ ಗಂಟು ಬೇರೆ. ಗುಳೇದಗುಡ್ಡದ ಹಸಿರು ಖಣ, ಅಕ್ಕಿ, ಕೊಬ್ಬರಿ ಎಲ್ಲ ನಾನೇ ಕಟ್ಟಿಕೊಂಡು ತೊಟ್ಟಿಲಿಗೆ ಬಂದದ್ದು ನಿನಗಾಗಿ. ಅಪ್ಪ ಹೋದ ಮೇಲೆ ಒಂಬತ್ತು ವರ್ಷದಿಂದ ನಿನ್ನ ಉಡಿಗೆ ಒಂದು ಕಾಳು ಬಿದ್ದಿಲ್ಲ. ಅಂದು ಪಡಸಾಲೆಯಲ್ಲಿ ಎಲ್ಲರಿಗೂ ತುಂಬುವಾಗ ನೀನು ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದನ್ನು ನಾನು ನೋಡಿದೆ. ಗಂಟು ನನ್ನ ಮಡಿಲಲ್ಲೇ ಇತ್ತು. ಬೀಗರು ಏನನ್ನುತ್ತಾರೋ, ಅಣ್ಣ ಏನನ್ನುತ್ತಾನೋ ಎಂದು ಏಳಲಿಲ್ಲ. ನೀನು ಸೆರಗಿನಿಂದ ಮುಖದ ಬೆವರು ಒರೆಸಿಕೊಂಡು ಒಳಗೆ ಹೋದೆ. ಕಂಡವರ ಊರಿನಲ್ಲಿ ಹುಲಿಯಾದವಳು ನಿನ್ನ ಮನೆಯಲ್ಲಿ ಇಲಿಯಾಗಿದ್ದೆ. ನಾನು ತಪ್ಪಾತು ಅನ್ನಬೇಕಾದದ್ದು ನಿನಗೊಬ್ಬಳಿಗೆ. ಅವ್ವ, ತಪ್ಪಾತು.

ನಿನ್ನೆ ಅಫಜಲಪುರದ ಸಂತೆಯಿಂದ ಎರಡು ಖಣ ತಂದಿದ್ದೇನೆ. ಒಂದು ಈ ಮನೆಯಲ್ಲೇ ಉಳಿಯುತ್ತದೆ, ಯಾರಿಗೆಂದು ಈಗಲೇ ಹೇಳಿದರೆ ಅತ್ತೆ ಪೆಟ್ಟಿಗೆಗೆ ಬೀಗ ಜಡಿದಾರು. ಇನ್ನೊಂದನ್ನು ಹಿಡಿದು ಪಂಚಮಿಯ ದಿನ ಮೊದಲ ಬಸ್ಸಿಗೆ ನಾನೇ ಬರುತ್ತೇನೆ, ಕರೆಯಲು ಯಾರೂ ಬರುವುದು ಬೇಡ. ಅಣ್ಣಾ, ಇದನ್ನು ವೈನಿಗೂ ಕೇಳುವಂತೆ ಗಟ್ಟಿಯಾಗಿ ಓದು. ಅವ್ವ, ನೀನು ಪಡಸಾಲೆಯಲ್ಲಿ ಕಂಬಳಿ ಹಾಸಿಕೊಂಡು ಕೂತಿರು. ಬಾಗಿಲ ಹಿಂದೆ ನಿಂತರೆ ನಾನು ಒಳಗೇ ಬರುವುದಿಲ್ಲ.